ಚಿತ್ರದಲ್ಲಿ ಕಂಡ ಅರಸ: ಎರಡನೆಯ ಇಬ್ರಾಹಿಂ ಆದಿಲ್‌ಶಾಹ

ನಮ್ಮ ಜಿಲ್ಲೆಯ ಮಕ್ಕಳಿಗೆ ಗೋಳಗುಮ್ಮಟ ಗೊತ್ತು, ಅದನ್ನು ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹನೂ ಗೊತ್ತು. ಅವನ ತಂದೆ ಎರಡನೆಯ ಇಬ್ರಾಹಿಂನ ಪರಿಚಯ ಮಾತ್ರ ಕಡಿಮೆ.

1580ರಲ್ಲಿ ತಂದೆಯ ಸೋದರ ಒಂದನೆಯ ಅಲಿ ಕೊಲೆಯಾದಾಗ ಇಬ್ರಾಹಿಂ ಹತ್ತರ ಆಸುಪಾಸಿನ ಬಾಲಕ. ಅಲಿಯ ಪತ್ನಿ ಚಾಂದಬೀಬಿ ಅವನನ್ನು ಸಾಕಿ ಬೆಳೆಸಿದಳು. ಅಧಿಕಾರಕ್ಕಾಗಿ ಸರದಾರರು ಕಚ್ಚಾಡಿದರು; ಒಬ್ಬನಂತೂ ಚಾಂದಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. 1590ರಲ್ಲಿ ದಿಲಾವರ್ ಖಾನನನ್ನು ತೆಗೆದುಹಾಕಿ ಇಬ್ರಾಹಿಂ ತಾನೇ ಆಳತೊಡಗಿದ.

ಅವನಿಗೆ ಸಂಗೀತವೆಂದರೆ ಪ್ರಾಣ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ. ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಬರೆದ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಇದೆ, ಕಲಬುರಗಿಯ ಖ್ವಾಜಾ ಬಂದೇನವಾಜರ ಸ್ತುತಿಯೂ ಇದೆ. ಜನ ಅವನನ್ನು ಜಗದ್ಗುರು ಎಂದು ಕರೆದರು. 1599ರಲ್ಲಿ ತೊರವಿಯ ಬಳಿ ನವರಸಪುರ ಕಟ್ಟಲು ಆರಂಭಿಸಿದ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಅವಶೇಷ ಇಂದಿಗೂ ಅಲ್ಲಿದೆ.

ಇಬ್ರಾಹಿಂನ ಚಿತ್ರಗಳು ಇನ್ನೊಂದು ಬಗೆಯ ದಾಖಲೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಚಿತ್ರವೊಂದರಲ್ಲಿ ಅವನ ಕೈಯಲ್ಲಿ ತಾಳ ಹಾಕುವ ಚಿಟಿಕೆಗಳಿವೆ. ಫರ‍್ರುಖ್ ಬೇಗ್ ಬರೆದ, ಈಗ ಪ್ರಾಗ್ ನಗರದಲ್ಲಿರುವ ಚಿತ್ರದಲ್ಲಿ ಅವನು ತಂಬೂರಿ ನುಡಿಸುತ್ತಿದ್ದಾನೆ. ಕೆಲವು ಚಿತ್ರಗಳಲ್ಲಿ ಅವನ ಕೊರಳಲ್ಲಿರುವುದು ರುದ್ರಾಕ್ಷಿ ಎಂದು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ.

ಸುಮಾರು 1610ರಲ್ಲಿ ಹಾಲೆಂಡಿನ ಹಾರ್ಲೆಮ್ ಊರಿನ ಕೊರ್ನೆಲಿಸ್ ಹೆಡಾ ಎಂಬ ಚಿತ್ರಕಾರ ಬಿಜಾಪುರಕ್ಕೆ ಬಂದು ಇಬ್ರಾಹಿಂನ ಆಸ್ಥಾನ ಸೇರಿದ. ಅವನು ಯುರೋಪಿನ ನವೋದಯದ ಪರಂಪರೆಯಲ್ಲಿ ಕಲಿತವನು. ಆ ಪರಂಪರೆಯಲ್ಲಿ ಮೈಯೇ ಮುಖ್ಯ: ಸ್ನಾಯು, ಮೈಕಟ್ಟಿನ ಅಳತೆ, ನೆರಳು ಬೆಳಕು. ಲಿಯೊನಾರ್ಡೊ ಡ ವಿಂಚಿ ಅದಕ್ಕಾಗಿ ಶವಗಳನ್ನೇ ಕೊಯ್ದು ನೋಡಿದ್ದ. ನಮ್ಮ ಆಸ್ಥಾನದ ಚಿತ್ರಕಾರರು ಸ್ನಾಯುವಿನ ಗೋಜಿಗೆ ಹೋಗಲಿಲ್ಲ. ತೆಳು ಬಟ್ಟೆ, ಆಭರಣ, ನಿಲುವು, ಕೈಯಲ್ಲಿ ಹಿಡಿದ ವಸ್ತು, ಇವುಗಳಿಂದಲೇ ಅರಸ ಎಂಥವನೆಂದು ತಿಳಿಸಿದರು.

ಇಲ್ಲಿ ಶಿಕ್ಷಕರು ಎಚ್ಚರ ವಹಿಸಬೇಕು. ರುದ್ರಾಕ್ಷಿ ಕಂಡೊಡನೆ ಅರಸ ಮತ ಬದಲಿಸಿದ ಎನ್ನಲಾಗದು. 1627ರಲ್ಲಿ ತೀರಿಕೊಂಡ ಅವನ ಸಮಾಧಿ ಇಬ್ರಾಹಿಂ ರೋಜಾದಲ್ಲಿದೆ. ಅದರ ಗೋಡೆಗಳ ಮೇಲೆ ಕುರಾನಿನ ವಾಕ್ಯಗಳನ್ನು ಕೆತ್ತಲಾಗಿದೆ. ಎರಡು ಸಾಕ್ಷ್ಯಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕು. ವಿಜ್ಞಾನದ ತರಗತಿಯಲ್ಲಿ ವೀಕ್ಷಣೆಯನ್ನೂ ತೀರ್ಮಾನವನ್ನೂ ಬೇರೆ ಬೇರೆ ಬರೆಸುತ್ತೇವೆ. ಚಿತ್ರಕ್ಕೂ ಅದೇ ಕ್ರಮ ಸಲ್ಲುತ್ತದೆ.

ಬಬಲೇಶ್ವರ, ತಿಕೋಟಾ ಶಾಲೆಗಳಲ್ಲಿ ಬೋಧನಾಭ್ಯಾಸಕ್ಕೆ ಹೋಗುವವರು ಈ ಚಿತ್ರದ ಒಂದು ಪ್ರತಿಯನ್ನು ಕಲಿಕೋಪಕರಣವಾಗಿ ಒಯ್ಯಬಹುದು. ಮೊದಲು ಮಕ್ಕಳು ಕಂಡದ್ದನ್ನಷ್ಟೇ ಹೇಳಲಿ: ಕೈಯಲ್ಲಿ ಏನಿದೆ, ಕೊರಳಲ್ಲಿ ಏನಿದೆ. ಅರ್ಥದ ಪ್ರಶ್ನೆ ಆಮೇಲೆ ಬರಲಿ. ತಿಕೋಟಾದ ಮಕ್ಕಳು ನಗರಕ್ಕೆ ಬರುವ ದಾರಿಯಲ್ಲೇ ತೊರವಿ ಇದೆ. ಆ ಪಾಳು ಗೋಡೆಗಳ ನಡುವೆ ಒಮ್ಮೆ ಹಾಡಿದವನು ಯಾರೆಂದು ಅವರಿಗೆ ತಿಳಿಯಬೇಕು.