ಇಪ್ಪತ್ತು ಡಾಲರ್ ನೋಟಿನ ಮೇಲಿರುವ ಕಳ್ಳಿ

ಈ ಮಳೆಯಲ್ಲೂ ವರದಹಳ್ಳಿ ಕಡೆಯಿಂದ ನಡೆದುಕೊಂಡೇ ಬಂದಿದ್ದೀರಿ, ನಿಮಗೆ ವಿಶೇಷ ವಂದನೆ. ಹಿಂದೆ ಕೂತವರಿಗೆ ಕೇಳ್ತಾ ಇದೆಯಾ? ಸರಿ.

ಹೋದ ವಾರ ಫಿಲೆಮೋನನಿಗೆ ಬರೆದ ಪತ್ರ ಓದಿದ್ವಿ. ಯಜಮಾನನನ್ನು ಬಿಟ್ಟು ಹೋಗಿದ್ದ ಒನೇಸಿಮನನ್ನು ಪೌಲನು ವಾಪಸ್ ಕಳಿಸ್ತಾನೆ, ಅವನ ಸಾಲ ಏನಿದ್ದರೂ ನನ್ನ ಲೆಕ್ಕಕ್ಕೆ ಹಾಕು ಅಂತಾನೆ. ಪತ್ರ ಅಲ್ಲಿಗೆ ಮುಗಿಯುತ್ತೆ. ಆದರೆ ಆ ಮನೆಯಲ್ಲಿ ಮುಂದೆ ಒನೇಸಿಮ ಊಟಕ್ಕೆ ಎಲ್ಲಿ ಕೂತ? ಹೊರಗಾ, ಒಳಗಾ? ಅದೇ ಪ್ರಶ್ನೆ ವಾರವಿಡೀ ನನ್ನ ತಲೆಯಲ್ಲಿತ್ತು. ಹಾಗಾಗಿ ಇವತ್ತು ಒಬ್ಬ ಹೆಂಗಸಿನ ಕಥೆ ಹೇಳ್ತೀನಿ.

ನಮ್ಮ ಒಂದು ಕುಟುಂಬದ ಮಗಳು ಸಿಡ್ನಿಯಲ್ಲಿದ್ದಾಳೆ. ರಜೆಗೆ ಬಂದಾಗ ಇಪ್ಪತ್ತು ಡಾಲರಿನ ನೋಟು ತೋರಿಸಿದಳು. ಒಂದು ಕಡೆ ಜಾನ್ ಫ್ಲಿನ್, ವಿಮಾನದಲ್ಲಿ ವೈದ್ಯರನ್ನು ಕಳಿಸುವ ಸೇವೆ ಶುರು ಮಾಡಿದ ಪ್ರೆಸ್ಬಿಟೇರಿಯನ್ ಪಾಸ್ಟರ್. ಇನ್ನೊಂದು ಕಡೆ ಕನ್ನಡಕ ಹಾಕಿಕೊಂಡ ಅಜ್ಜಿ, ಮೇರಿ ರೈಬಿ. ಈ ಅಜ್ಜಿ ಯಾರಮ್ಮಾ ಅಂದೆ. ಕುದುರೆ ಕಳ್ಳಿ ಅಂಕಲ್ ಅಂದಳು! ಒಂದೇ ನೋಟಿನ ಒಂದು ಮಗ್ಗುಲಲ್ಲಿ ಪಾಸ್ಟರ್, ಇನ್ನೊಂದು ಮಗ್ಗುಲಲ್ಲಿ ಕಳ್ಳಿ. ನನಗೆ ನಗು ಬಂತು.

ಮೇರಿ ಹುಟ್ಟಿದ್ದು 1777ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರಿನ ಬರಿ ಎಂಬ ಊರಲ್ಲಿ. ತಂದೆತಾಯಿ ಇಲ್ಲದ ಮಗು, ಅಜ್ಜಿ ಸಾಕಿದಳು. ಹದಿಮೂರು ಹದಿನಾಲ್ಕು ವರ್ಷದವಳು ಹುಡುಗನ ವೇಷ ಹಾಕಿ, ಜೇಮ್ಸ್ ಬರೋ ಅಂತ ಹೆಸರಿಟ್ಟುಕೊಂಡು ಓಡಾಡ್ತಿದ್ದಾಗ ಕದ್ದ ಕುದುರೆ ಸಮೇತ ಸಿಕ್ಕಿಬಿದ್ದಳು. ಸ್ಟಾಫರ್ಡ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು, ಗುಟ್ಟೂ ರಟ್ಟಾಯ್ತು. ಏಳು ವರ್ಷ ಸಮುದ್ರದಾಚೆ ಗಡೀಪಾರು.

ನಮ್ಮಲ್ಲಿ ಅಂಡಮಾನ್ ಅಂದ ಹಾಗೆ ಅವರಿಗೆ ಆಸ್ಟ್ರೇಲಿಯಾ. 1788ರಿಂದ 1868ರ ತನಕ ಸುಮಾರು 1,62,000 ಕೈದಿಗಳನ್ನು ಅಲ್ಲಿಗೆ ಸಾಗಿಸಿದರು. ಏಳು ವರ್ಷ ಅಂತ ಕಾಗದದಲ್ಲಿ. ವಾಪಸ್ ಬರೋ ಹಡಗಿನ ಹಣ ಯಾರು ಕೊಡ್ತಾರೆ? ಹೋದವರಲ್ಲಿ ಹೆಚ್ಚಿನವರು ಹೋದ ಹಾಗೇ. ಶರಾವತಿ ಹಿನ್ನೀರಿನಲ್ಲಿ ಊರು ಕಳಕೊಂಡ ಮನೆಯವರು ಇಲ್ಲಿ ಕೂತಿದ್ದೀರಿ. ಹುಟ್ಟಿದ ಮನೆ ಇನ್ನು ಕಣ್ಣಿಗೆ ಬೀಳೋದಿಲ್ಲ ಅಂದರೇನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಾಲ್ಕು ತಿಂಗಳಿಗೂ ಹೆಚ್ಚಿನ ಪ್ರಯಾಣ. 1792ರ ಅಕ್ಟೋಬರಿನಲ್ಲಿ ರಾಯಲ್ ಅಡ್ಮಿರಲ್ ಹಡಗು ಸಿಡ್ನಿ ತಲುಪಿತು. ಆಗ ಅವಳು ತನ್ನ ಚಿಕ್ಕಮ್ಮನಿಗೆ ಬರೆದ ಕಾಗದ ಇವತ್ತಿಗೂ ಅಲ್ಲಿನ ಗ್ರಂಥಾಲಯದಲ್ಲಿದೆ. ಮೇಜರ್ ಗ್ರೋಸ್ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳೋ ಕೆಲಸ ಸಿಕ್ಕಿತು. 1794ರಲ್ಲಿ ಥಾಮಸ್ ರೈಬಿ ಎಂಬ ಹಡಗಿನ ಅಧಿಕಾರಿಯ ಜೊತೆ ಮದುವೆ. ಇಬ್ಬರೂ ಸೇರಿ ಹಾಕ್ಸ್‌ಬರಿ ನದಿ ದಂಡೆಯಲ್ಲಿ ಜಮೀನು, ಧಾನ್ಯದ ವ್ಯಾಪಾರ, ಆಮೇಲೆ ಸ್ವಂತ ಹಡಗು ಅಂತ ಬೆಳೆದರು. ಏಳು ಮಕ್ಕಳು. 1811ರ ಏಪ್ರಿಲಿನಲ್ಲಿ ಗಂಡ ತೀರಿಕೊಂಡ. ಸ್ವಲ್ಪ ದಿನಕ್ಕೇ ವ್ಯಾಪಾರದ ಪಾಲುದಾರನೂ ಹೋದ. ಮೂವತ್ತನಾಲ್ಕು ವರ್ಷದ ವಿಧವೆ ಅಳುತ್ತಾ ಕೂರಲಿಲ್ಲ, ಮಾರನೇ ವರ್ಷ ಹೊಸ ಗೋದಾಮು ತೆರೆದಳು.

ಆಕೆಯನ್ನು ದೇವದೂತೆ ಮಾಡೋಕೆ ಹೋಗಬೇಡಿ. 1817ರಲ್ಲಿ ಸಾಲ ಕೊಡದವನೊಬ್ಬನಿಗೆ ಹೊಡೆದು ಕೋರ್ಟಿನಲ್ಲಿ ತಪ್ಪಿತಸ್ಥೆ ಆದಳು. ಅದೇ ವರ್ಷ ಆ ದೇಶದ ಮೊದಲ ಬ್ಯಾಂಕು, ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್, ಬಾಗಿಲು ತೆಗೆದದ್ದು ಆಕೆಯ ಕಟ್ಟಡದಲ್ಲಿ. ಕಳ್ಳಿಯ ಮನೆಯಲ್ಲಿ ಊರಿನ ಹಣ! ದೇವರ ಕೆಲಸ ನೋಡಿ.

ಆಗಿನ ಗವರ್ನರ್ ಲಾಕ್ಲಾನ್ ಮ್ಯಾಕ್ವಾರಿ. ಈ ಮನುಷ್ಯ ನಮ್ಮ ಕಡೆಗೂ ಬಂದವನೇ. 1799ರಲ್ಲಿ ಟಿಪ್ಪು ಸತ್ತ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಗ್ಲಿಷರ ಸೈನ್ಯದಲ್ಲಿದ್ದ. ಅವನನ್ನು ಹೊಗಳೋ ಆಸೆ ನನಗಿಲ್ಲ, ಅಲ್ಲಿನ ಮೂಲನಿವಾಸಿಗಳ ಮೇಲೂ ಸೈನ್ಯ ಕಳಿಸಿದವನು. ಆದರೆ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತ. ಶಿಕ್ಷೆ ಮುಗಿಸಿದ ಕೈದಿಗಳನ್ನು ತನ್ನ ಊಟದ ಮೇಜಿಗೆ ಕರೆದ. ಸಿಡ್ನಿಯ ದೊಡ್ಡ ಮನೆಯವರು ಮುಖ ತಿರುಗಿಸಿದರು. ದೂರು ಲಂಡನ್ ತನಕ ಹೋಯ್ತು, ವಿಚಾರಣೆಗೆ ಬಿಗ್ ಅಂತ ಒಬ್ಬ ಅಧಿಕಾರಿ ಬಂದ. ಜೊತೆಗೆ ಕೂತು ಊಟ ಮಾಡಿದ್ದಕ್ಕೆ ಅಷ್ಟು ಗಲಾಟೆ.

ಈಗ ಕೇಳಿ. 1820ರಲ್ಲಿ ಮೇರಿ ಇಬ್ಬರು ಹೆಣ್ಣುಮಕ್ಕಳನ್ನು ಕರಕೊಂಡು ಇಂಗ್ಲೆಂಡಿಗೆ ಹೋಗಿ ತನ್ನ ಊರು ನೋಡಿ, ಮಾರನೇ ವರ್ಷ ವಾಪಸ್ ಬಂದಳು. 1825ರಲ್ಲಿ ಶಾಲೆಯೊಂದರ ಆಡಳಿತ ಮಂಡಳಿಗೆ ಆಕೆಯನ್ನು ತೆಗೆದುಕೊಂಡರು. ಹಣ ಇತ್ತು, ಮರ್ಯಾದೆ ಇತ್ತು. 1828ರಲ್ಲಿ ಜನಗಣತಿಯವರು ಬಂದರು. ನೀವು ಕೈದಿಯಾಗಿ ಬಂದವರಾ, ಸ್ವತಂತ್ರರಾಗಿ ಬಂದವರಾ ಅನ್ನೋದು ಅದರಲ್ಲೊಂದು ಪ್ರಶ್ನೆ. ಮೇರಿ ಬರೆಸಿದ್ದು, 1821ರಲ್ಲಿ ಸ್ವತಂತ್ರಳಾಗಿ ಬಂದೆ ಅಂತ.

ಸುಳ್ಳಲ್ಲ. ನಿಜವೂ ಅಲ್ಲ. ಶಿಕ್ಷೆ ಮುಗಿದು ಎಷ್ಟೋ ವರ್ಷ ಆದಮೇಲೂ, ಐವತ್ತೊಂದು ವರ್ಷದ ಆ ಹೆಂಗಸು ಜೇಮ್ಸ್ ಬರೋನ ಅಂಗಿಯನ್ನು ಇನ್ನೊಂದು ಸಲ ಹಾಕಿಕೊಂಡಳು. 1855ರಲ್ಲಿ ತೀರಿಕೊಂಡಳು. ಮೊಮ್ಮಗ ಸಭೆಯ ಆರ್ಚ್‌ಡೀಕನ್ ಆದ, ಆಮೇಲೆ ಟಾಸ್ಮೇನಿಯಾದ ಪ್ರೀಮಿಯರ್ ಕೂಡ ಆದ. ಅವಳ ಮುಖ ನೋಟಿಗೆ ಬಂದದ್ದು 1994ರಲ್ಲಿ.

ಅವಳು ಯಾಕೆ ಹಾಗೆ ಬರೆಸಿದಳು ಅಂತ ನನಗೆ ಅರ್ಥವಾದದ್ದು ನನ್ನದೇ ತಪ್ಪಿನಿಂದ. ನಮ್ಮ ನಡುವೆ ಒಬ್ಬ ಸಹೋದರ ಇದ್ದಾನೆ. ಹೆಸರು ಬೇಡ, ಊರೂ ಬೇಡ. ಹಿಂದೆ ಯಾರದೋ ಅಟ್ಟದಿಂದ ಒಣಗಿದ ಅಡಿಕೆ ಕದ್ದು ಜೈಲಿಗೆ ಹೋಗಿ ಬಂದವನು. ರಾತ್ರಿಯೆಲ್ಲಾ ಅಡಿಕೆ ಕಾಯೋ ನಮ್ಮ ಸೀಮೆಯಲ್ಲಿ ಅದನ್ನು ಯಾರೂ ಮರೆಯೋದಿಲ್ಲ. ದೀಕ್ಷಾಸ್ನಾನ ಕೊಟ್ಟವನು ನಾನೇ. ಒಂದು ಭಾನುವಾರ ಕಾಣಿಕೆ ಎಣಿಸೋಕೆ ಜನ ಸಾಲದೆ ಅವನು ಎದ್ದು ಬಂದ. ಪರವಾಗಿಲ್ಲ ತಮ್ಮಾ, ನೀನು ಚಾಪೆ ಸುತ್ತು ಅಂದೆ. ಅವನು ಚಾಪೆ ಸುತ್ತಿದ. ಮುಖ ಮಾತ್ರ ಎತ್ತಲಿಲ್ಲ.

ಮೊನ್ನೆ ಗುರುವಾರ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಇದನ್ನು ಸಭೆಯಲ್ಲಿ ಹೇಳಲಾ ಅಂತಲೂ ಕೇಳಿದೆ. ಹೆಸರು ಬಿಟ್ಟು ಹೇಳಿ ಅಂದ. ಕಾಣಿಕೆ ಎಣಿಸೋಕೆ ಬರ್ತೀಯಾ ಅಂತ ಕೇಳಿದ್ದಕ್ಕೆ ಕಾಫಿ ಲೋಟ ನನ್ನ ಮುಂದಿಟ್ಟು, ಯೋಚನೆ ಮಾಡಿ ಹೇಳ್ತೀನಿ ಅಂದ. ಇನ್ನೂ ಹೇಳಿಲ್ಲ. ನಾನು ಕಾಯ್ತಾ ಇದ್ದೀನಿ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.