ಪಂಡಿತಾ ರಮಾಬಾಯಿಯವರ ಹೊಸ ಜನ್ಮ



ಬೀದರ ಪಟ್ಟಣದ ಸಭೆಯಲ್ಲಾಗಲಿ, ಭಾಲ್ಕಿ ಔರಾದ ತಾಲೂಕುಗಳ ಹಳ್ಳಿಗಳಲ್ಲಿರುವ ಸಣ್ಣ ಪ್ರಾರ್ಥನಾಮಂದಿರಗಳಲ್ಲಾಗಲಿ, ಒಬ್ಬನನ್ನು ನೀನು ಕ್ರೈಸ್ತನೋ ಎಂದು ಕೇಳಿದರೆ ಅವನು ಏನು ಉತ್ತರ ಕೊಡುವನು? ತನ್ನ ಅಜ್ಜನ ಕಾಲದಲ್ಲಿಯೇ ಮನೆಯವರೆಲ್ಲರೂ ದೀಕ್ಷಾಸ್ನಾನ ಹೊಂದಿದರೆಂದೂ, ತನ್ನ ಹೆಸರು ಸಭೆಯ ಪುಸ್ತಕದಲ್ಲಿ ಬರೆದಿದೆಯೆಂದೂ, ರವಿವಾರ ತಪ್ಪದೆ ಆರಾಧನೆಗೆ ಹೋಗುವೆನೆಂದೂ, ಸೆರೆ ಸಿಂದಿಗಳನ್ನು ಬಿಟ್ಟಿರುವೆನೆಂದೂ ಹೇಳುವನು. ಇವೆಲ್ಲವೂ ಒಳ್ಳೆಯವೇ. ಆದರೆ ಇವುಗಳಲ್ಲಿ ಒಂದಾದರೂ ಮನುಷ್ಯನಿಗೆ ಹೊಸ ಜೀವವನ್ನು ಕೊಡಬಲ್ಲದೋ? ರಾತ್ರಿಯ ವೇಳೆ ಕರ್ತನ ಬಳಿಗೆ ಬಂದ ನಿಕೊದೇಮನು ಶಾಸ್ತ್ರ ಬಲ್ಲವನೂ ಆಚಾರವಂತನೂ ಆಗಿದ್ದನು. ಕರ್ತನು ಅವನಿಗೆ ಮತ್ತೊಂದು ಆಚಾರವನ್ನು ಕಲಿಸಲಿಲ್ಲ. ಮೇಲಿನಿಂದ ಹೊಸದಾಗಿ ಹುಟ್ಟುವದೇ ಅವಶ್ಯವೆಂದು ತಿಳಿಸಿದನು.

ಈ ಮಾತಿನ ಅರ್ಥವನ್ನು ತನ್ನ ಬಾಳಿನಲ್ಲಿಯೇ ಕಂಡುಕೊಂಡ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಾವು ತಿಳಿಯುವದು ಹಿತಕರವಾಗಿದೆ. ಅವರು ನಮ್ಮ ಕನ್ನಡ ನಾಡಿನಲ್ಲಿ ಹುಟ್ಟಿದವರು. ನಮ್ಮ ನೆರೆಯ ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ಸ್ಥಾಪಿಸಿದವರು. ಅವರೇ ಪಂಡಿತಾ ರಮಾಬಾಯಿಯವರು.

ರಮಾಬಾಯಿಯವರು 1858ನೆಯ ಇಸವಿ ಎಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಜನಿಸಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳವೆಂಬ ಊರಿನವರು, ದೊಡ್ಡ ವಿದ್ವಾಂಸರು. ಸ್ತ್ರೀಯರು ಸಂಸ್ಕೃತವನ್ನು ಓದಬಾರದೆಂದು ಜನರು ಹೇಳುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿದರು. ಇದಕ್ಕಾಗಿ ಸ್ವಜನರ ವಿರೋಧವನ್ನು ತಾಳಬೇಕಾಗಿ ಬಂದರೂ ಅವರು ಹಿಂಜರಿಯಲಿಲ್ಲ. ಆ ತಾಯಿಯೇ ಮುಂದೆ ಮಗಳಿಗೆ ಗುರುವಾದರು. ರಮಾ ಇನ್ನೂ ತಿಂಗಳುಗಳ ಕೂಸಾಗಿದ್ದಾಗಲೇ ಕುಟುಂಬದವರು ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಘಟ್ಟವನ್ನಿಳಿದರು. ಅಂದಿನಿಂದ ಊರೂರು ತಿರುಗುತ್ತಾ, ದೇವಸ್ಥಾನಗಳಲ್ಲಿ ಪುರಾಣವನ್ನು ಓದುತ್ತಾ, ಕೇಳಿದವರು ಕೊಟ್ಟ ಕಾಣಿಕೆಯಿಂದ ಜೀವಿಸುವದೇ ಅವರ ವೃತ್ತಿಯಾಯಿತು. ಬಾಲೆಯು ಭಾಗವತದ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದಳು.

ಆ ಕುಟುಂಬದವರು ತಮಗೆ ತಿಳಿದ ಧರ್ಮವನ್ನು ಪೂರ್ಣಮನಸ್ಸಿನಿಂದ ನಡಿಸಿದರು. ಉಪವಾಸಗಳನ್ನು ಮಾಡಿದರು, ತೀರ್ಥಗಳಲ್ಲಿ ಮಿಂದರು, ಕೈಯಲ್ಲಿದ್ದ ಹಣವನ್ನು ದಾನಧರ್ಮಗಳಲ್ಲಿ ವೆಚ್ಚಮಾಡಿದರು. ಅಷ್ಟರಲ್ಲಿ ದಕ್ಷಿಣದೇಶದಲ್ಲಿ ಘೋರವಾದ ಬರವು ಬಂದಿತು. 1874ರಲ್ಲಿ ತಂದೆಯು ತೀರಿಕೊಂಡರು. ಅವರ ಹಿಂದೆಯೇ ತಾಯಿಯೂ ಅಕ್ಕನೂ ಹೋದರು. ತಾಯಿಯು ಮರಣಶಯ್ಯೆಯಲ್ಲಿದ್ದಾಗ ಮಗಳು ನೆರೆಮನೆಯಲ್ಲಿ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಬೇಡಿ ತಂದಳು; ಅದನ್ನು ನುಂಗುವ ಶಕ್ತಿಯೂ ತಾಯಿಗೆ ಉಳಿದಿರಲಿಲ್ಲ. ಬದುಕಿ ಉಳಿದ ರಮಾಬಾಯಿಯವರೂ ಅಣ್ಣನಾದ ಶ್ರೀನಿವಾಸರೂ ಸುಮಾರು 4,000 ಮೈಲು ದೂರವನ್ನು ಕಾಲ್ನಡಿಗೆಯಿಂದ ಅಲೆದರು.

1878ರಲ್ಲಿ ಅವರಿಬ್ಬರೂ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರುಷದ ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. ಆದರೆ ಬರಗಾಲದ ದಿನಗಳಿಂದ ಅವರ ಹೃದಯವು ಬರಿದಾಗಿತ್ತು. ಬಿರುದುಗಳು ಅದನ್ನು ತುಂಬಲಿಲ್ಲ. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ಅವರು ಜಾತಿಯ ಕಟ್ಟನ್ನು ಮೀರಿ ಬಿಪಿನ ಬಿಹಾರಿ ಮೇಧಾವಿಯವರೆಂಬ ಬಂಗಾಲಿ ವಕೀಲರನ್ನು ಮದುವೆಯಾದರು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ಮರಣಹೊಂದಲು, ಇಪ್ಪತ್ತಮೂರು ವರುಷದ ರಮಾಬಾಯಿಯವರು ಕೂಸನ್ನು ಕಟ್ಟಿಕೊಂಡು ವಿಧವೆಯಾಗಿ ನಿಂತರು. ಆದರೆ ಗಂಡನ ಪುಸ್ತಕಗಳ ನಡುವೆ ಬಂಗಾಲಿ ಭಾಷೆಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಮೊದಲೇ ಸಿಕ್ಕಿತ್ತು. ಅದು ಅವರ ಮನಸ್ಸಿನಲ್ಲಿ ಬಿದ್ದ ಮೊದಲನೆಯ ಬೀಜ.

ಆ ಮೇಲೆ ಅವರು ಪುಣೆಗೆ ಬಂದು ಸ್ತ್ರೀಯರ ಸ್ಥಿತಿಯನ್ನು ಸುಧಾರಿಸುವದಕ್ಕೆ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ವೈದ್ಯಶಾಸ್ತ್ರವನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆದರೆ ಕಿವಿ ಮಂದವಾದದ್ದರಿಂದ ಆ ಆಶೆ ನೆರವೇರಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಅವರು ಇಳಿದುಕೊಂಡರು. ಜನರು ದೂರಮಾಡಿದ ಪತಿತ ಸ್ತ್ರೀಯರನ್ನು ಆ ಸಹೋದರಿಯರು ಲಂಡನಿನಲ್ಲಿ ಪ್ರೀತಿಯಿಂದ ಸೇವಿಸುವದನ್ನು ಕಂಡು ಆಶ್ಚರ್ಯಪಟ್ಟರು. ಇಂಥ ಪ್ರೀತಿಯು ಎಲ್ಲಿಂದ ಬಂದಿತೆಂದು ವಿಚಾರಿಸಿದಾಗ, ಬಾವಿಯ ಬಳಿಯಲ್ಲಿ ಕರ್ತನು ಸಮಾರ್ಯದ ಸ್ತ್ರೀಯ ಸಂಗಡ ಮಾತಾಡಿದ ವೃತ್ತಾಂತವನ್ನು ಅವರಿಗೆ ಓದಿ ತೋರಿಸಿದರು. 1883ರ ಸಪ್ಟೆಂಬರ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನ ಹೊಂದಿದರು.

ಕಥೆಯು ಇಲ್ಲಿಗೆ ಮುಗಿಯಿತೆಂದು ನಾವು ಎಣಿಸುವೆವು. ಆದರೆ ರಮಾಬಾಯಿಯವರ ವಿಷಯದಲ್ಲಿ ಮುಖ್ಯವಾದದ್ದು ಇನ್ನೂ ನಡೆಯಬೇಕಾಗಿತ್ತು.

ದೀಕ್ಷಾಸ್ನಾನದ ನಂತರ ಎಂಟು ವರುಷ ಅವರ ನಡತೆಯಲ್ಲಿ ಯಾರೂ ಕೊರತೆಯನ್ನು ಕಾಣಲಿಲ್ಲ. ಸತ್ಯವೇದವನ್ನು ಓದಿದರು, ಪ್ರಾರ್ಥನೆ ಮಾಡಿದರು, ಸಭೆಯ ಕ್ರಮಗಳನ್ನು ಪಾಲಿಸಿದರು. 1886ರಲ್ಲಿ ಅಮೇರಿಕೆಗೆ ಹೋಗಿ ನಮ್ಮ ದೇಶದ ವಿಧವೆಯರ ಕಷ್ಟಗಳನ್ನು ತಿಳಿಸಿ, 1887ರಲ್ಲಿ ಅದರ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವೆಂಬ ಶಾಲೆಯನ್ನು ತೆರೆದರು. ಮರುವರುಷ ಅದು ಪುಣೆಗೆ ಬಂದಿತು. ಹೀಗೆ ದೀಕ್ಷಾಸ್ನಾನವಿತ್ತು, ವಿದ್ಯೆಯಿತ್ತು, ತ್ಯಾಗವಿತ್ತು, ಪರೋಪಕಾರವಿತ್ತು. ಆದರೂ ಏಕಾಂತದಲ್ಲಿ ಅವರ ಆತ್ಮಕ್ಕೆ ಸಮಾಧಾನವಿರಲಿಲ್ಲ. ಪಾಪವು ಕ್ಷಮಿಸಲ್ಪಟ್ಟಿತೆಂಬ ನಿಶ್ಚಯವು ಹುಟ್ಟಿರಲಿಲ್ಲ. ಬೇರೆ ಬೇರೆ ಸಭೆಗಳವರ ಬೇರೆ ಬೇರೆ ಬೋಧನೆಗಳನ್ನು ಕೇಳಿ ಅವರ ಮನಸ್ಸು ಕಲಕಿಹೋಗಿತ್ತು.

1891ರಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಜೀವನಚರಿತ್ರೆಯು ಅವರ ಕೈಗೆ ಬಂದಿತು. ಈ ಪಾದ್ರಿಯು ಕಾರ್ನವಾಲ್ ಸೀಮೆಯಲ್ಲಿ ಸಭಾಪಾಲಕನಾಗಿದ್ದು ದೇವಾಲಯವನ್ನು ಕಟ್ಟಿಸಿದ್ದನು, ಸಕಲ ಸಂಸ್ಕಾರಗಳನ್ನೂ ಕ್ರಮವಾಗಿ ನಡಿಸುತ್ತಿದ್ದನು. ಆತನ ತೋಟಗಾರನು ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದಾಗ, ತನ್ನ ಯಜಮಾನನಾದ ಪಾದ್ರಿಯನ್ನು ಬಿಟ್ಟು ಬೇರೆಯವನ ಪ್ರಾರ್ಥನೆಯಿಂದ ಸಮಾಧಾನವನ್ನು ಹೊಂದಿದನು. ಇದು ಪಾದ್ರಿಯ ಹೃದಯವನ್ನು ಚುಚ್ಚಿತು. ತನಗೇ ಇಲ್ಲದ್ದನ್ನು ತಾನು ಇನ್ನೊಬ್ಬರಿಗೆ ಹೇಗೆ ಕೊಡಲಿ ಎಂಬ ಚಿಂತೆಯು ಹಿಡಿಯಿತು. 1851ರ ಒಂದು ರವಿವಾರ ಕ್ರಿಸ್ತನ ವಿಷಯವಾಗಿ ಪ್ರಸಂಗ ಮಾಡುತ್ತಿರುವಾಗಲೇ, ತಾನು ನಿಂತಿದ್ದ ಪ್ರಸಂಗಪೀಠದಲ್ಲಿಯೇ, ಅವನಿಗೆ ಬೆಳಕು ಬಂದಿತು. ಇತರರಿಗೆ ಬೋಧಿಸುತ್ತಿದ್ದವನು ಆ ದಿನ ತಾನೇ ಹೊಸದಾಗಿ ಹುಟ್ಟಿದನು.

ಇದನ್ನು ಓದಿದಾಗ ರಮಾಬಾಯಿಯವರು ತಮ್ಮ ಮುಖವನ್ನು ಕನ್ನಡಿಯಲ್ಲಿ ನೋಡಿದಂತಾಯಿತು. ತಾವು ಕ್ರೈಸ್ತ ಮತವನ್ನು ಕಂಡುಕೊಂಡಿದ್ದರೂ ಆ ಮತದ ಜೀವವಾದ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿಲ್ಲವೆಂದು ಅವರಿಗೆ ತಿಳಿಯಿತು. ಹಳೆಯ ಆಚಾರಗಳನ್ನು ಬಿಟ್ಟು ಹೊಸ ಉಪದೇಶಗಳನ್ನು ಒಪ್ಪಿ ನೀರಿನಿಂದ ಸ್ನಾನಮಾಡಿಸಿಕೊಂಡರೆ ಸಾಕೆಂದು ಅವರು ಎಣಿಸಿದ್ದರು. ಈಗಲಾದರೋ ದೇವರ ಮಗುವಾಗುವದು ದೇವರೇ ಕೊಡುವ ಜನ್ಮವೆಂದೂ, ಕ್ರಿಸ್ತನನ್ನು ನಂಬಿ ಅಂಗೀಕರಿಸುವವರಿಗೆ ಅದು ಕ್ರಯವಿಲ್ಲದೆ ದೊರೆಯುವದೆಂದೂ ಸತ್ಯವೇದದಿಂದ ಅರಿತರು. ದೊಡ್ಡ ಪಂಡಿತೆಯೆಂದು ಎರಡು ಖಂಡಗಳಲ್ಲಿ ಹೆಸರಾಗಿದ್ದ ಅವರು ಏನೂ ಇಲ್ಲದ ಪಾಪಿಯಂತೆ ರಕ್ಷಕನ ಪಾದಕ್ಕೆ ಬಂದರು. ಆಗ ಅವರಿಗೆ ಸಂತೋಷವೂ ನಿಶ್ಚಯವೂ ಉಂಟಾದವು.

ಇದನ್ನು ಒಪ್ಪಿಕೊಳ್ಳುವದು ಎಷ್ಟು ಕಷ್ಟವೆಂದು ಯೋಚಿಸಿರಿ. ಎಂಟು ವರುಷ ಲೋಕವು ಕ್ರೈಸ್ತಳೆಂದು ಕೊಂಡಾಡಿದ ಮೇಲೆ, ನನ್ನಲ್ಲಿ ಮುಖ್ಯವಾದದ್ದೇ ಇರಲಿಲ್ಲವೆಂದು ಹೇಳುವದಕ್ಕೆ ಯಾರಿಗೆ ಧೈರ್ಯವುಂಟು? ಅವರು ಅದನ್ನು ಮರೆಮಾಡಲಿಲ್ಲ. ಮುಂದೆ ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆದಿಟ್ಟರು.

ಹೊಸ ಜನ್ಮವು ಅವರ ಹೊರಗಿನ ವೇಷವನ್ನು ಬದಲಿಸಲಿಲ್ಲ. ಮೊದಲಿನಂತೆಯೇ ಬಿಳಿಯ ಸೀರೆ ಉಟ್ಟರು, ಮಾಂಸವನ್ನು ಮುಟ್ಟಲಿಲ್ಲ. ಬದಲಾದದ್ದು ಒಳಗಿನ ಬುಗ್ಗೆ. ಕಷ್ಟವೂ ಬೇಗನೆ ಬಂದಿತು. ಶಾರದಾ ಸದನದಲ್ಲಿ ಯಾರನ್ನೂ ಮತದ ವಿಷಯದಲ್ಲಿ ಒತ್ತಾಯಪಡಿಸುವದಿಲ್ಲವೆಂಬ ನಿಯಮವಿತ್ತು. ಆದರೂ ಅವರು ಬಾಗಿಲನ್ನು ತೆರೆದಿಟ್ಟು ಪ್ರಾರ್ಥಿಸುವಾಗ ಕೆಲವು ಹುಡುಗಿಯರು ತಾವಾಗಿ ಬಂದು ಕೂಡುತ್ತಿದ್ದರು. ಇದರಿಂದ ನಿಯಮವು ಕೆಟ್ಟಿತೆಂದು ಊರಿನ ಹಿರಿಯರು ಅಸಮಾಧಾನಪಟ್ಟು 1893ರಲ್ಲಿ ಸಹಾಯಮಂಡಲಿಯನ್ನು ಬಿಟ್ಟರು. ಅನೇಕ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಹೋದರು. ಹಳೆಯ ಸ್ನೇಹಿತರು ದೂರವಾದರು. ರಮಾಬಾಯಿಯವರು ಯಾರನ್ನೂ ದ್ವೇಷಿಸದೆ ತಮ್ಮ ಕೆಲಸವನ್ನು ಮುಂದುವರಿಸಿದರು.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರಗಾಲ ಬಿದ್ದಿತು. ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡಿದ್ದ ಅವರು ಸುಮ್ಮನಿರಲಾರದೆ ಅಲ್ಲಿಗೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಬಳಿಯ ಕೇಡಗಾವದಲ್ಲಿ ಅವರಿಗಾಗಿ ಮುಕ್ತಿಸದನವು ಎದ್ದಿತು. 1900ರಲ್ಲಿ ಗುಜರಾತಿನ ಬರಗಾಲದಿಂದ ಇನ್ನೂ ನೂರಾರು ಮಂದಿ ಬರಲು, ಅಲ್ಲಿರುವವರು ಸುಮಾರು 2,000 ಆದರು. ಅವರು ಬೇಸಾಯ, ನೇಯ್ಗೆ, ಎಣ್ಣೆಯ ಗಾಣ, ಮುದ್ರಣ ಮುಂತಾದ ಕೆಲಸಗಳನ್ನು ಕಲಿತರು. ಕುರುಡರಿಗೆ ಬೆರಳಿನಿಂದ ಓದುವದನ್ನು ಕಲಿಸಿದರು. ಇಷ್ಟೆಲ್ಲಾ ಇದ್ದರೂ ರಮಾಬಾಯಿಯವರು ಮಕ್ಕಳ ಹೊಟ್ಟೆ ತುಂಬಿತು, ಅವರು ಗೀತೆಗಳನ್ನು ಹಾಡಲು ಕಲಿತರು ಎಂದು ತೃಪ್ತರಾಗಲಿಲ್ಲ. ಅವರೂ ಹೊಸದಾಗಿ ಹುಟ್ಟಬೇಕೆಂದು ಬೆಳಗಿನ ಜಾವದಲ್ಲಿ ಎದ್ದು ಪ್ರಾರ್ಥಿಸಿದರು. 1905ರ ಜೂನಿನಲ್ಲಿ ಆ ಹುಡುಗಿಯರ ನಡುವೆ ದೊಡ್ಡ ಎಚ್ಚರಿಕೆಯುಂಟಾಯಿತು. ಅನೇಕರು ಕಣ್ಣೀರಿನಿಂದ ಪಾಪಗಳನ್ನು ಅರಿಕೆಮಾಡಿ, ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆಯನ್ನು ಒಯ್ದರು.

1912ರ ಸುಮಾರಿಗೆ ಅವರು ಆಗಿನ ನಿಜಾಮರ ರಾಜ್ಯದಲ್ಲಿದ್ದ ಗುಲ್ಬರ್ಗದಲ್ಲಿ ಕ್ರೈಸ್ತ ಹೈಸ್ಕೂಲನ್ನು ತೆರೆದರು. ಮನೋರಮೆಯು ಅದರ ಮೇಲ್ವಿಚಾರಣೆ ಮಾಡಿದಳು. ಆ ಕಾಲದಲ್ಲಿ ಬೀದರ, ಭಾಲ್ಕಿ, ಔರಾದಗಳೂ ಅದೇ ರಾಜ್ಯದಲ್ಲಿದ್ದವು. ಇನ್ನೊಂದು ಕೆಲಸವು ನಮ್ಮ ಗಡಿಸೀಮೆಗೆ ಸಂಬಂಧಪಟ್ಟದ್ದು. ಇಲ್ಲಿ ಅನೇಕ ಮನೆಗಳಲ್ಲಿ ಕನ್ನಡದ ಸಂಗಡ ಮರಾಠಿಯೂ ಮಾತಾಗಿದೆಯಷ್ಟೆ. ಓದುಬರಹ ಕಡಿಮೆಯಿರುವ ಹಳ್ಳಿಯ ಹೆಂಗಸರಿಗೂ ತಿಳಿಯಬೇಕೆಂದು ರಮಾಬಾಯಿಯವರು ಇಬ್ರಿಯ ಗ್ರೀಕ ಭಾಷೆಗಳನ್ನು ಕಲಿತು ಇಡೀ ಸತ್ಯವೇದವನ್ನು ಸುಲಭವಾದ ಮರಾಠಿಗೆ ತಿರುಗಿಸಿದರು. ಸಂಸ್ಕೃತದ ಪಂಡಿತೆಯು ತನ್ನ ಪಾಂಡಿತ್ಯವನ್ನು ಬದಿಗಿಟ್ಟು ಕೂಲಿಯ ಹೆಂಗಸಿನ ಮಾತಿನಲ್ಲಿ ಬರೆದದ್ದು ಹೊಸ ಜನ್ಮದ ಫಲವಲ್ಲವೋ?

1921ರ ಜುಲೈಯಲ್ಲಿ ಮನೋರಮೆಯು ತಾಯಿಗಿಂತ ಮೊದಲೇ ತೀರಿಕೊಂಡಳು. ಆ ದುಃಖವನ್ನು ದೇವರಿಗೆ ಒಪ್ಪಿಸಿ ಭಾಷಾಂತರದ ಕೆಲಸವನ್ನು ಕೊನೆಮುಟ್ಟಿಸಿ, 1922ರ ಎಪ್ರಿಲ್ 5ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆಹೋದರು. ಮುಕ್ತಿಸದನವು ಇಂದಿಗೂ ಕೇಡಗಾವದಲ್ಲಿ ನಡೆಯುತ್ತಿದೆ.

ಪ್ರಿಯರೇ, ನಮ್ಮ ಹೊಲಗಳ ಕಡೆಗೆ ನೋಡಿರಿ. ಒಬ್ಬನು ನೆಲವನ್ನು ಚೆನ್ನಾಗಿ ಉತ್ತು, ಹರಗಿ, ಗೊಬ್ಬರ ಹಾಕಿ, ಹುರಿದ ಜೋಳವನ್ನು ಬಿತ್ತಿದರೆ ಬೆಳೆ ಬರುವದೋ? ಉಳುವದು ತಪ್ಪಲ್ಲ, ಗೊಬ್ಬರ ತಪ್ಪಲ್ಲ, ಕಾಳಿನಲ್ಲಿ ಜೀವವಿಲ್ಲ. ಜೀವವಿದ್ದ ಕಾಳಾದರೋ ಕಲ್ಲಿನ ಸಂದಿಯಲ್ಲಿ ಬಿದ್ದರೂ ಮೊಳಕೆಯೊಡೆಯುವದು. ಆರಾಧನೆ, ಉಪವಾಸ, ದಾನ, ಒಳ್ಳೆಯ ನಡತೆ ಇವುಗಳನ್ನು ನಾವು ಬಿಡಬಾರದು. ಆದರೆ ಇವುಗಳಿಂದ ಜೀವವು ಹುಟ್ಟುವದೆಂದು ಮೋಸಹೋಗಬಾರದು. ಮೊದಲು ಜನ್ಮ, ಆ ಮೇಲೆ ನಡಿಗೆ. ಕೂಸು ನಡೆಯುವದರಿಂದ ಹುಟ್ಟುವದಿಲ್ಲ, ಹುಟ್ಟಿದ್ದರಿಂದ ನಡೆಯುವದು.

ಆದದರಿಂದ ಈ ರಾತ್ರಿ ದೀಪವನ್ನು ಆರಿಸುವದಕ್ಕೆ ಮುಂಚೆ ಪ್ರತಿಯೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ. ನನ್ನ ಹೆಸರು ಸಭೆಯ ಪುಸ್ತಕದಲ್ಲಿ ಉಂಟು. ನನ್ನ ಹೃದಯದಲ್ಲಿ ಕ್ರಿಸ್ತನು ಉಂಟೋ? ಇಲ್ಲವೆಂದು ಕಂಡುಬಂದರೆ ನಾಚಿಕೆಪಟ್ಟು ಅಡಗಿಕೊಳ್ಳುವದು ಬೇಡ. ಎಂಟು ವರುಷದ ಮೇಲೆ ಬಂದ ರಮಾಬಾಯಿಯವರನ್ನು ಅಂಗೀಕರಿಸಿದ ಕರ್ತನು ನಲವತ್ತು ವರುಷದ ಮೇಲೆ ಬಂದವನನ್ನೂ ತಳ್ಳಿಬಿಡುವವನಲ್ಲ.