ಅಧ್ಯಾಪಕ ಜಾಕಿರ್ ಹುಸೇನ್

ಮಯೂರ್ ವಿಹಾರದ ನಮ್ಮ ಮಕ್ಕಳು ಬೆಳೆಯುತ್ತಿರುವುದು ತ್ರಿಲೋಕಪುರಿಯ ಮಗ್ಗುಲಲ್ಲಿ. 1984ರ ಅಕ್ಟೋಬರ್ 31ರಂದು ಇಬ್ಬರು ಅಂಗರಕ್ಷಕರು ಪ್ರಧಾನಿ ಇಂದಿರಾ ಗಾಂಧಿಯವರನ್ನು ಹತ್ಯೆಗೈದರು. ಮರುದಿನದಿಂದ ಅಲ್ಲಿನ 32ನೆಯ ಬ್ಲಾಕಿನಲ್ಲಿ, ಆ ಕೃತ್ಯಕ್ಕೂ ತಮಗೂ ಯಾವ ಸಂಬಂಧವೂ ಇಲ್ಲದ ಸಿಖ್ಖರು ಗುಂಪುಗುಂಪಾಗಿ ಕೊಲೆಯಾದರು. ಇದನ್ನು ಮಕ್ಕಳಿಗೆ ಹೇಗೆ ತಿಳಿಸುವುದೆಂದು ಹೆತ್ತವರು ತಡವರಿಸುವುದು ಸಹಜ. ಯಮುನೆಯ ಆಚೆ ದಡದ ಓಖ್ಲಾದಲ್ಲಿ ಪಾಠ ಹೇಳಿದ ಒಬ್ಬ ಅಧ್ಯಾಪಕರ ಬದುಕಿನಿಂದ ತೊಡಗಬಹುದೆಂದು ನನ್ನ ಅನಿಸಿಕೆ.

ಡಾ. ಜಾಕಿರ್ ಹುಸೇನರು ಜನಿಸಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. 1920ರಲ್ಲಿ ಅಸಹಕಾರದ ಕರೆಗೆ ಓಗೊಟ್ಟು ಅಲಿಗಢದ ಕಾಲೇಜನ್ನು ತೊರೆದು ಜಾಮಿಯಾ ಮಿಲಿಯಾ ಇಸ್ಲಾಮಿಯಾದ ಸ್ಥಾಪನೆಯಲ್ಲಿ ಕೈಜೋಡಿಸಿದರು. ಬರ್ಲಿನ್ನಿನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದು 1926ರಲ್ಲಿ ಅದರ ಕುಲಪತಿಯಾದರು. ಸಂಸ್ಥೆ ಕಡುಬಡತನದಲ್ಲಿತ್ತು, ತಿಂಗಳಿಗೆ 150 ರೂಪಾಯಿ ಮೀರದ ಸಂಬಳಕ್ಕೆ 20 ವರ್ಷ ದುಡಿಯುವುದಾಗಿ ಅವರೂ ಸಹೋದ್ಯೋಗಿಗಳೂ ಪಣತೊಟ್ಟರು.

ಬರ್ಲಿನ್ನಿನ ಸ್ನೇಹಿತೆ, ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬೋರ್ನ್ ಜಾಮಿಯಾಕ್ಕೆ ಬಂದು ಚಿಕ್ಕ ಮಕ್ಕಳ ಹೊಣೆ ಹೊತ್ತರು. ಅವರ ತಾಯ್ನಾಡಿನಲ್ಲಿ ಮೊದಲ ಮಹಾಯುದ್ಧದ ಸೋಲಿನ ಅಪವಾದವನ್ನು ಯಹೂದಿಗಳ ತಲೆಗೆ ಕಟ್ಟಲಾಗಿತ್ತು. ಎರಡನೆಯ ಮಹಾಯುದ್ಧ ಬಂದಾಗ, ಹಿಟ್ಲರನ ಜರ್ಮನಿಗೆ ಬೇಡವಾದ ಇದೇ ಹೆಣ್ಣುಮಗಳನ್ನು ಬ್ರಿಟಿಷ್ ಸರ್ಕಾರ ಜರ್ಮನ್ ಪ್ರಜೆಯೆಂದು ಬಂಧನದಲ್ಲಿಟ್ಟಿತು. ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕೆ?

1946ರ ನವೆಂಬರಿನಲ್ಲಿ ಜಾಮಿಯಾದ ರಜತೋತ್ಸವಕ್ಕೆ ನೆಹರೂ, ಆಜಾದ್, ಜಿನ್ನಾ ಒಂದೇ ವೇದಿಕೆಗೆ ಬಂದರು. ದೇಶದಲ್ಲಿ ಹತ್ತಿಕೊಂಡಿದ್ದ ದ್ವೇಷದ ಬೆಂಕಿಯನ್ನು ಆರಿಸಿರೆಂದು ಜಾಕಿರ್ ಹುಸೇನರು ಅವರೆಲ್ಲರನ್ನೂ ಬೇಡಿಕೊಂಡರು. ಮರುವರ್ಷದ ಆಗಸ್ಟಿನಲ್ಲಿ ಆ ಬೆಂಕಿ ಅವರನ್ನೇ ಸುತ್ತಿಕೊಂಡಿತು. ಕಾಶ್ಮೀರಕ್ಕೆ ಹೊರಟಿದ್ದವರನ್ನು ಜಲಂಧರ್ ರೈಲು ನಿಲ್ದಾಣದಲ್ಲಿ ಶಸ್ತ್ರಧಾರಿಗಳು ಹಿಡಿದರು. ಗಡಿಯಾಚೆ ಯಾರೋ ಎಸಗಿದ ಹತ್ಯೆಗಳಿಗೆ ಈ ಅಧ್ಯಾಪಕರು ಬೆಲೆ ತೆರಬೇಕಿತ್ತು. ಗುರುತು ಹಿಡಿದು ಕಾಪಾಡಿದವರು ಒಬ್ಬ ಸಿಖ್ ಸೇನಾಧಿಕಾರಿ, ಒಬ್ಬ ಹಿಂದೂ ರೈಲ್ವೆ ಅಧಿಕಾರಿ. ತ್ರಿಲೋಕಪುರಿಯ ಕಥೆ ಕೇಳುವ ಮಗುವಿಗೆ ಈ ಸಿಖ್ ಅಧಿಕಾರಿಯ ಸಂಗತಿಯನ್ನು ತಪ್ಪದೆ ಹೇಳಬೇಕು.

ಕರೋಲ್‌ಬಾಗಿನಲ್ಲಿದ್ದ ಜಾಮಿಯಾದ ಪುಸ್ತಕ ಭಂಡಾರ ಅದೇ ಗಲಭೆಯಲ್ಲಿ ಸುಟ್ಟುಹೋಯಿತು. ಜಾಕಿರ್ ಹುಸೇನರು ಮಾತ್ರ ದಿಲ್ಲಿ ಬಿಡಲಿಲ್ಲ. 1948ರಲ್ಲಿ, ವಿಭಜನೆಯ ಕಳಂಕ ಹೊತ್ತು ಎಲ್ಲರ ಅನುಮಾನಕ್ಕೆ ಗುರಿಯಾಗಿದ್ದ ಅಲಿಗಢ ವಿಶ್ವವಿದ್ಯಾನಿಲಯಕ್ಕೆ ಕುಲಪತಿಯಾಗಿ ಹೋಗಿ, ಎಂಟು ವರ್ಷ ಅಲ್ಲಿನ ವಿದ್ಯಾರ್ಥಿಗಳ ಜೊತೆ ನಿಂತರು. ಬಿಹಾರದ ರಾಜ್ಯಪಾಲ, ಉಪರಾಷ್ಟ್ರಪತಿ, 1967ರಲ್ಲಿ ರಾಷ್ಟ್ರಪತಿ: ಈ ಪದವಿಗಳೆಲ್ಲ ಬಂದದ್ದು ಆಮೇಲೆ. 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ನಿಧನರಾದ ಅವರನ್ನು ಜಾಮಿಯಾದ ಆವರಣದಲ್ಲಿ ಸಮಾಧಿ ಮಾಡಲಾಯಿತು. 1943ರಲ್ಲಿ ತೀರಿಕೊಂಡ ಗೆರ್ಡಾ ಅವರ ಸಮಾಧಿಯೂ ಜಾಮಿಯಾದಲ್ಲಿಯೇ ಇದೆ.